ಉಪ್ಪಿನ ಬಾಡಿಗೆ

ಅಕ್ಟೋಬರಿನ ಒಂದು ಬೆಳಿಗ್ಗೆ, ಇಳಿತದ ಹೊತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣದಂಚು, ಫ್ರೀಮಾಂಟಿನ ಮಾರ್ಷ್‌ಲ್ಯಾಂಡ್ಸ್ ರಸ್ತೆಯ ಬದಿಯ ಜೌಗು. ನಡೆಯುತ್ತಿರುವವರು ಇಬ್ಬರು: ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದ ಕುಮಟಾ ಕಡೆಯ ಗಜನಿ (ಹಿನ್ನೀರಿನ ಉಪ್ಪುಗದ್ದೆ) ರೈತ, ಮತ್ತು ಸಸ್ಯಶಾಸ್ತ್ರ ಓದಿ ಇಲ್ಲೇ ಕೆಲಸದಲ್ಲಿರುವ ಅವರ ಸೊಸೆ.

ಮಾವ: ನಿನ್ನೆ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯುತ್ತಿತ್ತು. ಕಟ್ಟೆ ಒಡೆಯಲಿಕ್ಕೆ ಸರ್ಕಾರವೇ ದುಡ್ಡು ಹಾಕುತ್ತದಂತೆ! ನಮ್ಮಲ್ಲಿ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಕಟ್ಟೆ ಒಂದು ಮೊಳ ಬಾಯಿಬಿಟ್ಟರೆ ಊರಿಗೆ ಊರೇ ಮಣ್ಣು ಹೊರುತ್ತದೆ.

ಸೊಸೆ: ಇವು ಗದ್ದೆ ಕಾಯಲು ಕಟ್ಟಿದವಲ್ಲ ಮಾವ, ಉಪ್ಪು ಮಾಡಲು ಕಟ್ಟಿದವು. ನಮ್ಮ ಸಾಣಿಕಟ್ಟೆಯ ಆಗರದ ಹಾಗೇ, ಆದರೆ ಕಣ್ಣು ಹರಿದಷ್ಟು ದೂರ. 1850ರ ದಶಕದಿಂದ ಕಟ್ಟುತ್ತಾ ಬಂದು ಕೊಲ್ಲಿಯ ಜೌಗಿನ ಬಹುಪಾಲು ಮುಗಿದೇ ಹೋಗಿತ್ತು. 1972ರಲ್ಲಿ ಇಲ್ಲಿನ ಸಂಸತ್ತು ನಾವೀಗ ನಿಂತಿರುವ ಈ ವನ್ಯಧಾಮಕ್ಕೆ ಒಪ್ಪಿಗೆ ಕೊಟ್ಟಿತು. 2003ರಲ್ಲಿ ಕಾರ್ಗಿಲ್ ಕಂಪನಿಯಿಂದ ದಕ್ಷಿಣ ಕೊಲ್ಲಿಯ 15,100 ಎಕರೆ ಆಗರ ಸರ್ಕಾರದ ಕೈಗೆ ಬಂತು. 2006ರ ಮಾರ್ಚಿನಲ್ಲಿ ಅಲ್ವಿಸೋ ಹತ್ತಿರದ ಮೂರು ಆಗರಗಳ ಕಟ್ಟೆ ಕಡಿದರು. ಭರತ ಹೂಳು ತಂದು ಹಾಸಿತು. ಹೂಳಿನ ಮೇಲೆ ಈ ಗಿಡ ತಾನಾಗಿ ಬಂದು ಕೂತಿತು.

ಮಾವ: ಇದಾ? ಇದಕ್ಕೆ ಎಲೆಯೇ ಇಲ್ಲವಲ್ಲ ಮಾರಾಯ್ತಿ. ಹಸಿರು ಮಣಿ ಪೋಣಿಸಿದ ಹಾಗೆ ತುಂಡು ತುಂಡು. ತುದಿ ಮಾತ್ರ ಕುಂಕುಮದ ಬಣ್ಣ. ಒಂದು ತುಂಡು ಮುರಿದು ಬಾಯಿಗೆ ಹಾಕಿ ನೋಡಲಾ?

ಸೊಸೆ: ಬೇಡ ಬೇಡ, ಇಲ್ಲಿ ಒಂದು ಕಡ್ಡಿಯನ್ನೂ ಕೀಳುವಂತಿಲ್ಲ. ಈ ಗಿಡವನ್ನೇ ನೆಚ್ಚಿಕೊಂಡ ಪುಟ್ಟ ಇಲಿಯೊಂದಿದೆ, ಈ ಕೊಲ್ಲಿಯ ಜೌಗು ಬಿಟ್ಟರೆ ಅದಕ್ಕೆ ಬೇರೆ ಊರಿಲ್ಲ. ರುಚಿ ನಾನೇ ಹೇಳುತ್ತೇನೆ: ಉಪ್ಪಿನಲ್ಲಿಟ್ಟ ಎಳೆ ಅಳಸಂದೆ ಕೋಡು. ಇಂಗ್ಲಿಷಿನವರು ಇದಕ್ಕೆ ಪಿಕಲ್‌ವೀಡ್ ಎಂದು ಹೆಸರಿಟ್ಟಿದ್ದಾರೆ, ಉಪ್ಪಿನಕಾಯಿ ಕಳೆ!

ಮಾವ: ಹೆಸರು ಸರಿಯಾಗಿದೆ. ಆದರೆ ಲೆಕ್ಕ ಸರಿಹೋಗುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಇದು ಉಪ್ಪನ್ನೂ ತಿನ್ನುತ್ತದೆ, ಕುಡಿಯಲು ಸಿಗುವ ನೀರೂ ಉಪ್ಪೇ. ಮತ್ತೆ ಬದುಕಿದ್ದು ಹೇಗೆ?

ಸೊಸೆ: ಆ ಗಾದೆಯಿಂದಲೇ ಹೊರಡೋಣ. ಅತ್ತೆ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವುದನ್ನು ನೋಡಿದ್ದೀರಲ್ಲ?

ಮಾವ: ನೋಡದೆ? ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಒಂದು ಹನಿ ನೀರು ಹಾಕುವುದಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಮಿಡಿ ಚಿರುಟಿ, ಅದರ ನೀರಿನಲ್ಲೇ ಅದು ತೇಲುತ್ತಿರುತ್ತದೆ.

ಸೊಸೆ: ಹೊರಗೆ ಉಪ್ಪು ಹೆಚ್ಚಾದರೆ ಕೋಶದೊಳಗಿನ ನೀರು ಹೊರಗೆ ಓಡುತ್ತದೆ. ಗಜನಿಯಲ್ಲಿ ಉಪ್ಪು ಏರಿದ ದಿನ ಭತ್ತದ ಬೇರಿಗೆ ಆಗುವುದೂ ಇದೇ. ಕಾಲಡಿ ನೀರು, ಗಂಟಲು ಒಣ. ಇದು ಮೊದಲನೇ ಕಾಟ. ಎರಡನೆಯದು ನಿಧಾನದ್ದು. ಉಪ್ಪಿನ ಅರ್ಧ ಸೋಡಿಯಂ. ಅದು ಪೊಟ್ಯಾಶಿಯಂ ವೇಷ ಹಾಕಿಕೊಂಡು ಬೇರಿನೊಳಗೆ ನುಗ್ಗುತ್ತದೆ.

ಮಾವ: ವೇಷ ಎಂದರೆ?

ಸೊಸೆ: ಎರಡೂ ಒಂದೇ ಮನೆತನದವು, ಮೈಮೇಲಿನ ವಿದ್ಯುತ್ ಒಂದೇ. ಪೊಟ್ಯಾಶಿಯಂಗೆಂದು ಬಿಟ್ಟ ಕೆಲವು ಬಾಗಿಲುಗಳಲ್ಲಿ ಸೋಡಿಯಂ ಕೂಡ ದಾಟುತ್ತದೆ. ಒಳಗೆ ಹತ್ತಾರು ಕಿಣ್ವಗಳು ಪೊಟ್ಯಾಶಿಯಂ ಕೈಹಿಡಿದರೆ ಮಾತ್ರ ಕೆಲಸ ಮಾಡುತ್ತವೆ, ಪ್ರೋಟೀನ್ ಕಟ್ಟುವ ಯಂತ್ರವೂ ಹಾಗೇ. ಆ ಜಾಗದಲ್ಲಿ ಸೋಡಿಯಂ ಬಂದು ಕೂತರೆ ಕುರ್ಚಿ ತುಂಬಿರುತ್ತದೆ, ಕೆಲಸ ಸಾಗುವುದಿಲ್ಲ.

ಮಾವ: ತಿಳಿಯಿತು. ಹಾಗಾದರೆ ಈ ಗಿಡದ ಕಿಣ್ವ ಗಟ್ಟಿಮುಟ್ಟಿನವು ಇರಬೇಕು. ಹುಟ್ಟಾ ಉಪ್ಪಿನಲ್ಲಿ ಬೆಳೆದವಲ್ಲ. ನಮ್ಮ ಮೀನುಗಾರರ ಕಾಲು ಬಿಸಿಮರಳಿಗೆ ಒಗ್ಗಿದ ಹಾಗೆ.

ಸೊಸೆ: ಎಲ್ಲರೂ ಹಾಗೇ ಅಂದುಕೊಂಡಿದ್ದರು. 1972ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲೂ ಇಂಗ್ಲೆಂಡಿನಲ್ಲೂ ಅದನ್ನು ಪರೀಕ್ಷೆ ಮಾಡಿದರು. ಉಪ್ಪುನೆಲದ ಗಿಡದ ಕಿಣ್ವ ತೆಗೆದು ಒಂದು ನಳಿಕೆಗೆ, ಬಟಾಣಿ, ಬೀನ್ಸ್‌ನಂಥ ಸಾಧು ಗಿಡದ್ದು ಇನ್ನೊಂದಕ್ಕೆ. ಎರಡಕ್ಕೂ ಉಪ್ಪು ಹಾಕಿದರು. ಎರಡೂ ಒಂದೇ ಸಮ ಸೋತವು.

ಮಾವ: ಅಂದರೆ ಒಳಗೆ ಇದೂ ಬಟಾಣಿಯಷ್ಟೇ ಮೆತ್ತಗೆ!

ಸೊಸೆ: ಅಷ್ಟೇ ಮೆತ್ತಗೆ. ಹಾಗಾಗಿ ಅದು ಕಲಿತ ವಿದ್ಯೆ ಉಪ್ಪನ್ನು ತಾಳಿಕೊಳ್ಳುವುದಲ್ಲ, ಉಪ್ಪನ್ನು ಎಲ್ಲಿ ಇಡಬೇಕೋ ಅಲ್ಲಿ ಇಡುವುದು. ಊರಿನ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿರುತ್ತಿತ್ತು?

ಮಾವ: ಒಲೆಯ ಹಿಂದಿನ ಮೂಲೆಯಲ್ಲಿ, ಮರದ್ದೇ. ಅದರ ಹತ್ತಿರ ಕಬ್ಬಿಣದ ಕತ್ತಿ ಇಟ್ಟರೆ ನನ್ನ ಅಮ್ಮ ಬೈಯುತ್ತಿದ್ದಳು, ತುಕ್ಕು ಹಿಡಿಯುತ್ತದೆ ಎಂದು.

ಸೊಸೆ: ಕೋಶದಲ್ಲೂ ಅಂಥದೊಂದು ಮರಿಗೆ ಇದೆ. ಶಾಲೆಯಲ್ಲಿ ರಸದಾನಿ ಎಂದು ಹೇಳಿಕೊಡುತ್ತಾರೆ. ಮೂಲೆಯಲ್ಲಿ ಅಲ್ಲ, ನಟ್ಟನಡುವೆ. ಬಲಿತ ಕೋಶದ ಹತ್ತು ಪಾಲಿನಲ್ಲಿ ಎಂಟು ಒಂಬತ್ತು ಪಾಲು ಅದೇ. ಕಿಣ್ವ ಕೆಲಸ ಮಾಡುವ ಕೋಶದ್ರವ್ಯ ಅದರ ಸುತ್ತ ತೆಳ್ಳಗೆ ಬಳಿದ ಹಾಗಿರುತ್ತದೆ. ಕತ್ತಿ ಸೌಟುಗಳೆಲ್ಲ ಆ ತೆಳು ಪದರದಲ್ಲಿ, ಉಪ್ಪು ಮರಿಗೆಯಲ್ಲಿ. ನಡುವೆ ಒಂದು ಪೊರೆ.

ಮಾವ: ಪೊರೆ ದಾಟಿಸುವವರು ಯಾರು? ಉಪ್ಪು ತಾನಾಗಿ ಮರಿಗೆಗೆ ನಡೆದು ಹೋಗುವುದಿಲ್ಲವಲ್ಲ.

ಸೊಸೆ: ಆ ಪೊರೆಯಲ್ಲಿ ತಿರುಗುಬಾಗಿಲುಗಳಿವೆ. ಒಂದು ಪ್ರೋಟಾನ್ ಈಚೆ ಬಂದರೆ ಒಂದು ಸೋಡಿಯಂ ಆಚೆ ಹೋಗಬೇಕು, ಹಾಗೆ. ಈ ಬಾಗಿಲಿಗೆ ಎನ್‌ಎಚ್‌ಎಕ್ಸ್ ಎಂದು ಹೆಸರು. ಅಂಥದೇ ಇನ್ನೊಂದು ಕೋಶದ ಹೊರಪೊರೆಯಲ್ಲಿದೆ, ಅದು ಸೋಡಿಯಂ ಅನ್ನು ಮನೆಯಿಂದಲೇ ಹೊರಗೆ ದಬ್ಬುತ್ತದೆ. ಪ್ರೋಟಾನ್ ರಭಸದಲ್ಲಿ ಒಳಗೆ ನುಗ್ಗಿದರೆ ತಾನೇ ಬಾಗಿಲು ತಿರುಗುವುದು? ಅದಕ್ಕಾಗಿ ಮೊದಲೇ ಪ್ರೋಟಾನ್‌ಗಳನ್ನು ಆಚೆ ಕಡೆ ತುಂಬಿಡಬೇಕು. ತೋಟದ ಮೇಲಿನ ಟ್ಯಾಂಕಿಗೆ ಪಂಪ್ ಹೊಡೆದು ತುಂಬಿಸುತ್ತೀರಲ್ಲ, ಹಾಗೆ. ಪಂಪಿಗೆ ಕರೆಂಟು ಬೇಕು. ಕೋಶದ ಕರೆಂಟು ಎಟಿಪಿ.

ಮಾವ: ಹಗಲೂ ರಾತ್ರಿ ಪಂಪ್?

ಸೊಸೆ: ಹಗಲೂ ರಾತ್ರಿ. ಪೊರೆ ಎಲ್ಲೋ ಸ್ವಲ್ಪ ಸೋರುತ್ತಲೇ ಇರುತ್ತದೆ, ಸೋರಿದ್ದನ್ನು ಮತ್ತೆ ಎತ್ತಿ ಹಾಕಬೇಕು. ಬಿಲ್ಲು ಮಾತ್ರ ನಿಲ್ಲುವುದಿಲ್ಲ.

ಮಾವ: ಒಂದು ಅನುಮಾನ, ತಂಗೀ. ಮರಿಗೆಯಲ್ಲಿ ಅಷ್ಟು ಉಪ್ಪು ತುಂಬಿದರೆ, ಸುತ್ತಲಿನ ತೆಳು ಪದರದ ನೀರನ್ನೇ ಅದು ಹೀರಬೇಕಲ್ಲ? ಮಿಡಿ ಚಿರುಟಿದ ಹಾಗೆ. ಹೊರಗೂ ಉಪ್ಪು, ಒಳಗೂ ಉಪ್ಪು, ನಡುವೆ ಸಿಕ್ಕಿಕೊಂಡದ್ದರ ಗತಿ?

ಸೊಸೆ: ಇದು ನನ್ನ ಪರೀಕ್ಷೆಯಲ್ಲಿ ಕೇಳಿದ್ದ ಪ್ರಶ್ನೆ ಮಾವ! ಉತ್ತರ ಬಸಳೆ ಹರಿವೆ ಹಿತ್ತಿಲಲ್ಲಿದೆ. ಹರಿವೆ, ಬೀಟ್‌ರೂಟ್, ಈ ಪಿಕಲ್‌ವೀಡ್ ಮೂರೂ ಒಂದೇ ಕುಟುಂಬ. ಇವುಗಳ ಕೋಶ ಬೀಟೈನ್ ಎಂಬುದೊಂದನ್ನು ಮಾಡಿಕೊಳ್ಳುತ್ತದೆ. ಬೀಟ್‌ನಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು. ನೀರನ್ನು ಹಿಡಿದಿಡುವುದರಲ್ಲಿ ಉಪ್ಪಿಗೆ ಸಮ, ಆದರೆ ಕಿಣ್ವದ ಗೊಡವೆಗೆ ಹೋಗುವುದಿಲ್ಲ. ತೆಳು ಪದರದಲ್ಲಿ ಇದನ್ನು ತುಂಬಿಕೊಂಡರೆ ತಕ್ಕಡಿ ಸಮ. ಭತ್ತಕ್ಕೆ ಈ ಬೀಟೈನ್ ಮಾಡುವ ವಿದ್ಯೆ ಕೈಹತ್ತಿಲ್ಲ.

ಮಾವ: ಅಷ್ಟು ಸಾಧು ವಸ್ತುವಾದರೆ ಮರಿಗೆಗೂ ಅದನ್ನೇ ತುಂಬಬಹುದಿತ್ತು. ಉಪ್ಪಿನ ಸಹವಾಸವೇ ಬೇಡ.

ಸೊಸೆ: ದುಬಾರಿ. ಲೆಕ್ಕ ಹಾಕಿದವರು ಹೇಳುವುದು ಹೀಗೆ: ಒಂದು ಸೋಡಿಯಂ ತಂದು ರಸದಾನಿಗೆ ಹಾಕಲು ಮೂರೋ ನಾಲ್ಕೋ ಎಟಿಪಿ ಸಾಕು, ಒಂದು ಬೀಟೈನ್ ಕಟ್ಟಲು ಸುಮಾರು 50 ಬೇಕು. ದೊಡ್ಡ ಮರಿಗೆಗೆ ಅಗ್ಗದ್ದು, ತೆಳು ಪದರಕ್ಕೆ ಮಾತ್ರ ದುಬಾರಿಯದು. ಈ ಗಿಡದ ಜಾಣತನ ಇಲ್ಲಿದೆ. ಅದಕ್ಕೆ ಉಪ್ಪು ಬರೀ ಕಾಟವಲ್ಲ, ಪುಕ್ಕಟೆ ಸಿಗುವ ಸಾಮಾನು. ಅದನ್ನೇ ಹೊಟ್ಟೆಗೆ ತುಂಬಿಕೊಂಡು ಸಮುದ್ರದಿಂದ ನೀರು ಎಳೆಯುತ್ತದೆ. ಉಪ್ಪೇ ಇಲ್ಲದ ನೀರು ಕೊಟ್ಟರೆ ಇದು ಸೊರಗುತ್ತದೆ.

ಮಾವ: ಆಹಾ. ನಾವು ಉಪ್ಪು ತಿಂದಿದ್ದಕ್ಕೆ ನೀರು ಕುಡಿಯುತ್ತೇವೆ. ಇದು ನೀರು ಕುಡಿಯಬೇಕೆಂದೇ ಉಪ್ಪು ತಿನ್ನುತ್ತದೆ.

ಸೊಸೆ: ಇದನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ. ಈಗ ಇಲ್ಲಿ ಬಗ್ಗಿ, ಈ ಒರಟು ಹುಲ್ಲು ನೋಡಿ. ಸಾಲ್ಟ್‌ಗ್ರಾಸ್. ಕೀಳಬೇಡಿ, ಎಲೆಯ ಮೇಲೆ ಬೆರಳು ಆಡಿಸಿ.

ಮಾವ: ರವೆ ತಾಗಿದ ಹಾಗಿದೆ. ಬಿಸಿಲಿಗೆ ಮಿನುಗುತ್ತದೆ... ಥೂ, ಉಪ್ಪು! ಅಪ್ಪಟ ಉಪ್ಪು!

ಸೊಸೆ: ನೆಕ್ಕಿಯೇಬಿಟ್ಟಿರಾ! ಇದರದು ಬೇರೆ ಉಪಾಯ. ಎಲೆಯ ಮೇಲೆ ಎರಡೆರಡೇ ಕೋಶದ ಪುಟ್ಟ ಗ್ರಂಥಿಗಳಿವೆ, ಉಪ್ಪನ್ನು ಎಲೆಯಿಂದ ಹೊರಗೆ ಬೆವರಿಬಿಡುತ್ತವೆ. ನಮ್ಮ ಅಘನಾಶಿನಿ ದಂಡೆಯ ಕಾಂಡ್ಲಾ ಗಿಡಗಳಲ್ಲೂ ಕೆಲವು ಹೀಗೆ ಮಾಡುತ್ತವೆ, ಕೆಲವು ಬೇರಿನಲ್ಲೇ ಸೋಸಿಬಿಡುತ್ತವೆ. ಪಿಕಲ್‌ವೀಡಿಗೆ ಗ್ರಂಥಿ ಇಲ್ಲ. ಬೇಸಿಗೆಯೆಲ್ಲ ತುಂಬಿಕೊಳ್ಳುತ್ತದೆ. ಈ ಕೆಂಪು ತುದಿಗಳು ಚಳಿಗಾಲ ಬರುವಾಗ ಒಣಗಿ ಉದುರುತ್ತವೆ. ಅವುಗಳ ಜೊತೆ ಉಪ್ಪೂ ಹೋಗುತ್ತದೆ.

ಮಾವ: ನಮ್ಮ ಭತ್ತಕ್ಕೆ ಇವು ಯಾವುದೂ ಇಲ್ಲವಾ? ಕಗ್ಗ ಹೇಗೆ ನಿಲ್ಲುತ್ತಿತ್ತು ಹಾಗಾದರೆ?

ಸೊಸೆ: ಭತ್ತದ ಜಾತಿಯಲ್ಲೇ ಉಪ್ಪು ತಾಳುವ ಹಳೆಯ ತಳಿಗಳು ಕರಾವಳಿಯುದ್ದಕ್ಕೂ ಇವೆ. ಕೇರಳದ ಪೊಕ್ಕಾಳಿ, ಬಂಗಾಳದ ನೋನಾ ಬೊಕ್ರಾ, ನಮ್ಮ ಕಗ್ಗ. 2005ರಲ್ಲಿ ನೋನಾ ಬೊಕ್ರಾದಲ್ಲಿ ಒಂದು ಜೀನ್ ಗುರುತಿಸಿದರು. ಅದು ಮಾಡುವ ಕೆಲಸ ಸಣ್ಣದು. ಬೇರಿನಿಂದ ಎಲೆಗೆ ನೀರು ಏರುವ ನಾಳದ ಪಕ್ಕದಲ್ಲಿ ಕೂತು, ನೀರಿನಲ್ಲಿ ಬೆರೆತು ಹೊರಟ ಸೋಡಿಯಂ ಅನ್ನು ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೇರು ಬಳಲಿದರೂ ಎಲೆ ಹಸಿರಾಗಿರುತ್ತದೆ.

ಮಾವ: ಚೆಕ್‌ಪೋಸ್ಟ್.

ಸೊಸೆ: ಹೌದು, ಊರ ಬಾಗಿಲಲ್ಲೇ. ಇನ್ನು ಉಪ್ಪು ಬಂದಿದೆ ಎಂಬ ಸುದ್ದಿ ಕೋಶಕ್ಕೆ ಹೇಗೆ ಮುಟ್ಟುತ್ತದೆ ಎನ್ನುವುದೂ ಒಂದು ಕಥೆ. ಸಾಸಿವೆಯ ನೆಂಟ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆ ಇದೆ, ಸಸ್ಯಶಾಸ್ತ್ರದವರ ಪ್ರಯೋಗಕ್ಕೆ ಅದೇ ಮುಖ್ಯ ಗಿಡ. ಅರಿಜೋನಾದಲ್ಲಿ ಜಿಯಾನ್‌ಕಾಂಗ್ ಝು ಅವರ ತಂಡ ಸಾವಿರಾರು ಮೊಳಕೆಗಳನ್ನು ಉಪ್ಪು ಬೆರೆಸಿದ ಜೆಲ್ಲಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿತು. ಆರೋಗ್ಯವಾಗಿದ್ದ ಬೇರುಗಳು ಬೆಳೆಯುತ್ತಾ ಕೊಕ್ಕೆಯ ಹಾಗೆ ಬಾಗಿ ಕೆಳಗೆ ತಿರುಗಿದವು. ಕೆಲವು ಮಾತ್ರ ಬಾಗಲಿಲ್ಲ, ಬೆಳೆಯುವುದೇ ನಿಂತಿತ್ತು. ಅವುಗಳಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ಹುಡುಕಿ ಹೊರಟರು. 1996ರಿಂದ ಒಂದೊಂದಾಗಿ ಸಿಕ್ಕವು. ಉಪ್ಪು ತಾಗಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಚಿಮ್ಮುತ್ತದೆ. ಒಂದು ಪ್ರೋಟೀನ್ ಅದನ್ನು ಗಮನಿಸುತ್ತದೆ, ಇನ್ನೊಂದನ್ನು ಎಬ್ಬಿಸುತ್ತದೆ, ಅದು ಹೋಗಿ ಹೊರಪೊರೆಯ ತಿರುಗುಬಾಗಿಲಿನ ಚಿಲಕ ತೆಗೆಯುತ್ತದೆ.

ಮಾವ: ಕಟ್ಟೆ ಕಾಯುವವನು ಕೂಗು ಹಾಕುತ್ತಾನೆ, ನಡುವಿನವನು ಓಡುತ್ತಾನೆ, ತೂಬಿನವನು ಹಲಗೆ ಎತ್ತುತ್ತಾನೆ. ನಮ್ಮ ಗಜನಿಯದೇ ವ್ಯವಸ್ಥೆ. ಆದರೆ ಕಟ್ಟೆಯೇ ಕರಗಿದರೆ?

ಸೊಸೆ: ಅದನ್ನೂ ನೋಡಿದ್ದಾರೆ, ಈ ಕೊಲ್ಲಿಯ ಆಚೆ ದಡದಲ್ಲೇ. ಸ್ಟ್ಯಾನ್‌ಫರ್ಡ್ ಆವರಣದ ಹೋಸೆ ಡಿನ್ನೆನಿ ಅವರ ತಂಡ 2018ರಲ್ಲಿ ಹೇಳಿದ್ದು ಅದನ್ನೇ. ಕೋಶದ ಹೊರಗೋಡೆಯಲ್ಲಿ ಪೆಕ್ಟಿನ್ ಇರುತ್ತದೆ, ಕ್ಯಾಲ್ಸಿಯಂ ಅದನ್ನು ಬಿಗಿಯಾಗಿ ಹೆಣೆದಿರುತ್ತದೆ. ಬೂದುಗುಂಬಳದ ಪೇಠಾ ಮಾಡುವವರು ಹೋಳುಗಳನ್ನು ಸುಣ್ಣದ ನೀರಿನಲ್ಲಿ ನೆನೆಸುತ್ತಾರಲ್ಲ, ಗರಿಗರಿ ಇರಲಿ ಎಂದು, ಅದೇ ತತ್ವ. ಉಪ್ಪು ಬಂದರೆ ಆ ಹೆಣಿಗೆ ಸಡಿಲ. ಫೆರೋನಿಯಾ ಎಂಬ ಪ್ರೋಟೀನ್ ಗೋಡೆಯ ಸಡಿಲವನ್ನು ಅರಿತು ರಿಪೇರಿಗೆ ಕರೆಯುತ್ತದೆ. ಅದಿಲ್ಲದ ಗಿಡಗಳಲ್ಲಿ ಏನಾಯಿತು ಗೊತ್ತಾ? ಉಪ್ಪು ತಾಗಿದಾಗ ಬೇರು ಬೆಳವಣಿಗೆ ನಿಲ್ಲಿಸಿ ಕೆಲವು ಗಂಟೆ ಸುಮ್ಮನಿತ್ತು. ಚೇತರಿಸಿಕೊಂಡು ಮತ್ತೆ ಬೆಳೆಯಲು ಹೊರಟಾಗ ಕೋಶಗಳು ಪಟಪಟ ಒಡೆದವು.

ಮಾವ: ಏಟು ಬಿದ್ದಾಗ ಅಲ್ಲ, ಏಳುವಾಗ. ಮಳೆಗಾಲದ ಕಟ್ಟೆಯೂ ಹಾಗೇ. ನೆರೆ ಬಂದಾಗ ನಿಂತಿರುತ್ತದೆ, ನೆರೆ ಇಳಿಯುವಾಗ ಕುಸಿಯುತ್ತದೆ. ಸರಿ, ಇಷ್ಟೆಲ್ಲ ಬಾಗಿಲು, ಪಂಪು, ಚೆಕ್‌ಪೋಸ್ಟ್ ಗೊತ್ತಾದ ಮೇಲೆ ಒಂದು ಬಾಗಿಲನ್ನು ನಮ್ಮ ಬೆಳೆಗೆ ಹಾಕಿಕೊಟ್ಟರಾಯಿತಲ್ಲ?

ಸೊಸೆ: ಹಾಕಿದ್ದಾರೆ. ಎಡ್ವರ್ಡೋ ಬ್ಲೂಮ್‌ವಾಲ್ಡ್ ಎಂಬ ವಿಜ್ಞಾನಿ, ಆಮೇಲೆ ಇಲ್ಲಿಂದ ಒಂದೂವರೆ ಗಂಟೆ ದಾರಿಯ ಡೇವಿಸ್‌ಗೆ ಬಂದವರು. 1999ರಲ್ಲಿ ಅವರ ತಂಡ ರಸದಾನಿಯ ಆ ತಿರುಗುಬಾಗಿಲಿನ ಜೀನ್ ಅನ್ನು ಅರಬಿಡಾಪ್ಸಿಸ್‌ನಲ್ಲೇ ಹೆಚ್ಚು ಕೆಲಸ ಮಾಡುವಂತೆ ಮಾಡಿ ತೋರಿಸಿತು. 2001ರಲ್ಲಿ ಟೊಮೆಟೊ. ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿರುವ ನೀರಿನಲ್ಲಿ ಬೆಳೆದು ಹಣ್ಣು ಬಿಟ್ಟಿತು. ಸಮುದ್ರದಲ್ಲಿರುವುದು ಲೀಟರಿಗೆ 35 ಗ್ರಾಂ. ಉಪ್ಪೆಲ್ಲ ಎಲೆಯಲ್ಲಿ, ಹಣ್ಣಿಗೆ ಹೋಗಲಿಲ್ಲ. ಅದಕ್ಕೂ ಮುಂಚೆ ಎಮಾನುಯೆಲ್ ಎಪ್‌ಸ್ಟೈನ್ ಎಂಬುವರು ಇಲ್ಲಿಂದ ಉತ್ತರಕ್ಕೆ ಬೊಡೇಗಾ ಕೊಲ್ಲಿಯ ಮರಳುದಿಬ್ಬದ ಮೇಲೆ ಬಾರ್ಲಿ ಬಿತ್ತಿ, ಸಮುದ್ರದ ನೀರನ್ನೇ ಹಾಯಿಸಿ, ತೆನೆ ತೆಗೆದಿದ್ದರು. 1977ರಲ್ಲಿ ಅದನ್ನು ಪ್ರಕಟಿಸಿದರು.

ಮಾವ: ಮರಳುದಿಬ್ಬ ಎಂದೆಯಲ್ಲ, ಅಲ್ಲೇ ಇದೆ ಗುಟ್ಟು. ಮರಳಿನಲ್ಲಿ ಉಪ್ಪುನೀರು ನಿಲ್ಲುವುದಿಲ್ಲ, ಬಸಿದು ಹೋಗುತ್ತದೆ. ನಮ್ಮ ಗಜನಿಯ ಜೇಡಿಯಲ್ಲಿ ಅದೇ ಬಾರ್ಲಿ ಬಿತ್ತಲಿ ನೋಡೋಣ. ಮತ್ತೆ ನಿನ್ನ ಟೊಮೆಟೊ ನಿಂತ ನೀರಿನ ಉಪ್ಪು ದಿನಾ 12 ಗ್ರಾಂ ಇತ್ತಲ್ಲವೇ, ಅಳೆದು ಹಾಕಿದ್ದು?

ಸೊಸೆ: ಹೌದು, ಅಳೆದದ್ದು.

ಮಾವ: ಗಜನಿಯಲ್ಲಿ ಅಳೆದು ಬರುವುದಿಲ್ಲ. ಜೂನಿನಲ್ಲಿ ಮಳೆ ಮಣ್ಣಿನ ಉಪ್ಪು ತೊಳೆಯುವವರೆಗೆ ಕಾಯುತ್ತೇವೆ. ತೊಳೆಯಿತು ಎಂದು ನಾಲಿಗೆಗೆ ಹಚ್ಚಿ ನೋಡಿ ಬಿತ್ತುತ್ತೇವೆ. ಎಂಟು ದಿನ ಮಳೆ ಬಿಟ್ಟರೆ ಉಪ್ಪು ಮೇಲೇಳುತ್ತದೆ. ಹೊಳೆ ಉಕ್ಕಿದರೆ ಉಪ್ಪಿಲ್ಲ, ಆದರೆ ಗಿಡ ಮುಳುಗಿರುತ್ತದೆ. ಬೀಜ ಮೊಳಕೆ ಒಡೆಯುವಾಗ ಅಷ್ಟು ಹೆದರುವುದಿಲ್ಲ. ಸಸಿಯಾದಾಗ ಹೆದರುತ್ತದೆ, ಬಲಿತ ಮೇಲೆ ತಾಳುತ್ತದೆ, ಹೂ ಬಿಡುವಾಗ ಮತ್ತೆ ಹೆದರುತ್ತದೆ. ಒಂದು ಬಾಗಿಲಿನಿಂದ ಇದೆಲ್ಲ ಆಗುವ ಮಾತಾ?

ಸೊಸೆ: ಆಗದ್ದಕ್ಕೇ ಅದು ಅಂಗಡಿಗೆ ಬರಲಿಲ್ಲ ಮಾವ. ನೀವೀಗ ಹೇಳಿದ್ದನ್ನು ಹೇಳಲು ನಮ್ಮವರು ನೂರು ಪುಟ ಬರೆಯುತ್ತಾರೆ. ಎಷ್ಟೋ ಜೀನ್, ಒಂದೊಂದಕ್ಕೂ ಅದರದೇ ಹೊತ್ತು, ಅದರದೇ ಜಾಗ. ಅದರ ಮೇಲೆ ಖರ್ಚು. ಪಂಪಿಗೆ ಸುರಿದ ಎಟಿಪಿ ಕಾಳಿಗೆ ಸಿಗುವುದಿಲ್ಲ.

ಮಾವ: ಬಂದ ಮೊದಲ ವಾರ ನಿನ್ನನ್ನು ಕೇಳಿದ್ದೆ, ಇಬ್ಬರೂ ದುಡಿದರೂ ಉಳಿಯುವುದು ಇಷ್ಟೇನಾ ಎಂದು.

ಸೊಸೆ: ಬಾಡಿಗೆ ಕಟ್ಟಿದ ಮೇಲೆ ಉಳಿದಿದ್ದು ಅಷ್ಟು ಎಂದಿದ್ದೆ. ಈ ಊರಿನಲ್ಲಿ ಇರುವುದಕ್ಕೇ ಒಂದು ದರ ಇದೆ.

ಮಾವ: ಕಗ್ಗಕ್ಕೂ ಅದೇ ಅನ್ನು. ನಮ್ಮಲ್ಲಿಗೆ ಒಮ್ಮೆ ಒಬ್ಬರು ಬಂದಿದ್ದರು, ಹೆಸರು ಬೇಡ. ಎಕರೆಗೆ ಇಷ್ಟೇ ಚೀಲನಾ, ಇದು ಸೋಂಬೇರಿ ತಳಿ ಎಂದು ಹೊಸ ಬೀಜ ಕೊಟ್ಟರು. ಮೊದಲ ವರ್ಷ ಚೆನ್ನಾಗಿಯೇ ಬಂತು. ಎರಡನೇ ವರ್ಷ ಹಾಲುಗಟ್ಟುವ ಹೊತ್ತಿಗೆ ತೂಬು ಸೋರಿತು. ಮೂರು ದಿನದಲ್ಲಿ ಗದ್ದೆ ಬಿಳುಚಿತು. ಆಮೇಲೆ ಬೇಸರದಲ್ಲಿ ವರ್ಷವಿಡೀ ಸಿಗಡಿಗೇ ಬಿಟ್ಟುಕೊಟ್ಟೆ. ಕಗ್ಗ ಇದ್ದಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಿದ್ದೆವು, ಮೀನು ಸಿಗಡಿಗೆ ಅದೇ ಮೇವು. ಹುಲ್ಲು ಹೋಯಿತು, ಸಿಗಡಿಯೂ ಮೊದಲಿನ ಹಾಗೆ ಉಳಿಯಲಿಲ್ಲ.

ಸೊಸೆ: ಬೀಜ?

ಮಾವ: ನನ್ನ ಹತ್ತಿರ ಇಲ್ಲ. ಪಕ್ಕದ ಊರಿನಲ್ಲಿ ದಾಯಾದಿಯೊಬ್ಬ ಇನ್ನೂ ಸ್ವಲ್ಪ ಬಿತ್ತುತ್ತಾನೆ, ಗಂಜಿಗೆ ಅದೇ ಆಗಬೇಕು ಅವನಿಗೆ. ಈಗ ಕೊಯ್ಲಿನ ಹೊತ್ತು. ಚೀಲದ ಲೆಕ್ಕ ಬರೆದೆವು ತಂಗೀ. ಕಾಳು ಎಷ್ಟು, ಹುಲ್ಲು ಎಷ್ಟು. ಅದು ಉಪ್ಪಿಗೆ ಎಷ್ಟು ಬಾಡಿಗೆ ಕಟ್ಟಿತು ಎಂದು ಬರೆಯಲು ನಮ್ಮ ಪುಸ್ತಕದಲ್ಲಿ ಗೆರೆಯೇ ಹಾಕಿರಲಿಲ್ಲ. ಸೋಂಬೇರಿ ಎಂದುಬಿಟ್ಟೆವು.

ಸೊಸೆ: ಈಗ ಅಲ್ಲಿ ರಾತ್ರಿ ಹತ್ತು ದಾಟಿರಬಹುದು. ಫೋನ್ ಮಾಡುತ್ತೀರಾ?

ಮಾವ: ಮಲಗಿರುತ್ತಾನೆ, ಎಬ್ಬಿಸಿದರೂ ಬೈಯುವುದಿಲ್ಲ. ಎರಡು ಕೊಳಗ ಬೀಜ ತೆಗೆದಿಡು ಎಂದು ಹೇಳಬೇಕು. ಅದಕ್ಕೆ ಮೊದಲು ಆ ಬಾಟಲಿ ಇತ್ತ ಕೊಡು. ಉಪ್ಪು ನೆಕ್ಕಿದ ನಾಲಿಗೆ ಇನ್ನೂ ಚುರುಗುಡುತ್ತಿದೆ.